ಹಸಿರು ಕುದುರೆಯ ಅಡಿಯ ಗೆರೆಗಳು

2019ರ ಮಾರ್ಚ್ ಹನ್ನೆರಡರ ಮಂಗಳವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ, ಕ್ಯಾರಿಗ್‌ರೋ ದ್ವೀಪದ ಹಳೆಯ ಜೈಲಿನಲ್ಲಿ, ಗೋಡೆಯ ಮೇಲೆ ಬರೆದಿದ್ದ ಕುದುರೆಯ ಹೊಟ್ಟೆಯಲ್ಲಿ ಗೇಣುದ್ದದ, ಮೂರು ಬೆರಳಗಲದ ಕಿಂಡಿಯೊಂದನ್ನು ತೆರೆಯಲಾಯಿತು. ತೆರೆದವಳು ಬ್ರೋನಾ ಷೀಹನ್. ಹಳೆಯ ಗೋಡೆಗಳನ್ನು ಕಾಪಾಡುವುದು ಅವಳ ಕಸುಬು. ಮೇಲೆ ಎರಡು ಪದರ ಎಣ್ಣೆಬಣ್ಣ, ಅದರಡಿ ಡಿಸ್ಟೆಂಪರು, ಅದರಡಿ ಸುಣ್ಣ. ಸುಣ್ಣದ ಮೇಲೆ ಪೆನ್ಸಿಲಿನ ಗುರುತು ಇತ್ತು. ಬಾಗಿದ ಒಂದು ಗೆರೆ, ಅದರಿಂದ ಕೆಳಗಿಳಿಯುವ ಐದು ನೇರ ಗೆರೆಗಳು. ಬ್ರೋನಾ ತನ್ನ ವರದಿಯಲ್ಲಿ ಅಷ್ಟನ್ನೇ ಬರೆದು, ಇದಕ್ಕಿಂತ ಹೆಚ್ಚು ಹೇಳಲಾಗದು ಎಂದು ಸೇರಿಸಿದಳು.

ಊರು ಅದಕ್ಕಿಂತ ಹೆಚ್ಚು ಹೇಳಿತು. ಮಧ್ಯಾಹ್ನದ ದೋಣಿ ದಂಡೆಗೆ ಬರುವಷ್ಟರಲ್ಲಿ ಅದು ಹಾರ್ಪ್ ಆಗಿತ್ತು. ನಾಣ್ಯದ ಮೇಲೆ, ಪಾಸ್‌ಪೋರ್ಟಿನ ಮೇಲೆ, ಶಾಲೆಯ ಗೋಡೆಯ ಮೇಲೆ ದೇಶದ ಲಾಂಛನವಾಗಿ ದಿನವೂ ಕಾಣುವ ಅದೇ ತಂತಿವಾದ್ಯ. ಮೇಲೆ ಬಾಗಿದ ಕೊರಳು, ಕೆಳಗೆ ತಂತಿಗಳು.

ಡಿಂಪ್ನಾ ಕ್ರೋನಿನ್‌ಗೆ ಅದು ತಲುಪಿದ್ದು ಮರುದಿನ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಾಸಿಗೆಯ ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ನೋರೀನ್ ಕೈಯಲ್ಲಿ ಇತ್ತು. ಮಡಿಸುತ್ತ ಮಡಿಸುತ್ತ ಇಬ್ಬರೂ ಎದುರುಬದುರಾದಾಗ ನೋರೀನ್ ಹೇಳಿದಳು:

"ಏನೇ, ನಿಮ್ಮಣ್ಣನ ಕುದುರೆ ಬಸುರಿಯಂತೆ? ಹೊಟ್ಟೇಲಿ ಹಾರ್ಪ್ ಇಟ್ಕೊಂಡಿದೆಯಂತೆ."

ನೋರೀನ್ ಇಪ್ಪತ್ತು ವರ್ಷದಿಂದ ಜೊತೆಗೆ ಕೆಲಸ ಮಾಡುವವಳು, ಕುಹಕದ ಮಾತಲ್ಲ. ಡಿಂಪ್ನಾ ನಕ್ಕಳು. ಆಮೇಲೆ ಹೊದಿಕೆಯನ್ನು ಮೇಜಿನ ಮೇಲಿಟ್ಟು, ಯಾವ ಹಾರ್ಪ್ ಎಂದು ಕೇಳಿದಳು. ಕೇಳಬೇಕಾದದ್ದೇನೂ ಇರಲಿಲ್ಲ. ಆ ಊರಿನಲ್ಲಿ ಗೋಡೆಯ ಮೇಲಿನ ಹಾರ್ಪ್ ಅಂದರೆ ಟೈಗ್ ಹ್ಯಾಲಿಸಿಯದು.

ಟೈಗ್ ಹ್ಯಾಲಿಸಿಯ ಪ್ರತಿಮೆ ಚೌಕದಲ್ಲಿದೆ, ಆಟದ ಮೈದಾನಕ್ಕೂ ಅವನದೇ ಹೆಸರು. 1921ರಲ್ಲಿ, ಸ್ವಾತಂತ್ರ್ಯದ ಹೋರಾಟದಲ್ಲಿ, ಇಂಗ್ಲಿಷರು ಅವನನ್ನು ಹಿಡಿದು ದ್ವೀಪದಲ್ಲಿಟ್ಟರು. ಉಪವಾಸ ಕೂತು, ಎದೆಗೆ ಶೀತ ಇಳಿದು, ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲೇ ಸತ್ತ. ಸಾಯುವ ಮುಂಚೆ ಕೋಣೆಯ ಗೋಡೆಗೆ ಹಾರ್ಪ್ ಬರೆದಿದ್ದನೆಂದು ಜೊತೆಯಲ್ಲಿದ್ದವರು ಬಿಡುಗಡೆಯಾಗಿ ಬಂದು ಹೇಳಿದರು. ಅದರ ಮೇಲೊಂದು ಲಾವಣಿ ಹುಟ್ಟಿತು. ಮದುವೆಯಾಗಲಿ ಸಾವಿನ ಮನೆಯಾಗಲಿ, ಮೂರನೇ ಗ್ಲಾಸು ಇಳಿದ ಮೇಲೆ ಊರಿನ ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಕೋಣೆ ಎರಡನೇ ಸಾಲಿನದು, ಬಾಗಿಲಿನಿಂದ ಮೂರನೆಯದು ಎಂಬುದೂ ಲಾವಣಿಯಲ್ಲೇ ಇದೆ.

1985ರಲ್ಲಿ ಅದೇ ಕೋಣೆಯಲ್ಲಿ ಡಿಂಪ್ನಾಳ ಅಣ್ಣ ಮ್ಯಾಲಕಿ ಇದ್ದ.

ಮ್ಯಾಲಕಿ ಕಾರು ಕದಿಯುತ್ತಿದ್ದ. ಮಾರಲಿಕ್ಕಲ್ಲ, ಓಡಿಸಲಿಕ್ಕೆ, ಆ ವರ್ಷಗಳಲ್ಲಿ ಬಂದರಿನ ಸುತ್ತಲಿನ ಪುರಸಭೆ ಮನೆಗಳ ಹುಡುಗರಿಗೆಲ್ಲ ಅದೇ ಹುಚ್ಚು. ಫೆಬ್ರವರಿಯ ಒಂದು ನಸುಕಿನಲ್ಲಿ ಅವನು ಓಡಿಸುತ್ತಿದ್ದ ಕಾರು ತಿರುವಿನಲ್ಲಿ ಹಾಲಿನ ಗಾಡಿಗೆ ಗುದ್ದಿತು. ಹಾಲು ಹಾಕುತ್ತಿದ್ದ ಬ್ಯಾಟ್ ಡೋಯ್ಲ್‌ನ ಬಲಗಾಲು ಎರಡು ಕಡೆ ಮುರಿಯಿತು, ಸಾಯುವವರೆಗೂ ಅವನು ಕುಂಟಿದ. ಡೋಯ್ಲ್‌ಗಳ ಮನೆ ಅದೇ ಬೀದಿಯಲ್ಲಿ ಒಂಬತ್ತು ಬಾಗಿಲು ಆಚೆ. ಅಂದಿನಿಂದ ಕ್ರೋನಿನ್‌ಗಳ ಮನೆಗೆ ಹಾಲು ತರಿಸಲಿಲ್ಲ. ಡಿಂಪ್ನಾಳ ತಾಯಿ ಕೊನೆಯವರೆಗೂ ಚಹಾಕ್ಕೆ ಡಬ್ಬಿಯ ಹಾಲನ್ನೇ ಹಾಕಿಕೊಂಡಳು.

ಹದಿನೆಂಟು ವರ್ಷದ ಹುಡುಗನಿಗೆ ಎರಡು ವರ್ಷ ಶಿಕ್ಷೆಯಾಯಿತು. ದ್ವೀಪ ಎಲ್ಲೋ ದೂರದಲ್ಲಿರಲಿಲ್ಲ. ಮನೆಯ ಮಹಡಿಯ ಕಿಟಕಿಯಿಂದ ಅದರ ಕೋಟೆಗೋಡೆ ಕಾಣುತ್ತಿತ್ತು, ಗಾಳಿ ಇತ್ತ ಬೀಸಿದರೆ ಜೈಲಿನ ಗಂಟೆಯೂ ಕೇಳುತ್ತಿತ್ತು. ಅಲ್ಲಿ ಮ್ಯಾಲಕಿಯನ್ನು ಬಣ್ಣ ಬಳಿಯುವ ಗುಂಪಿಗೆ ಹಾಕಿದರು. ಗೋಡೆಯ ಕೆಳಗಿನರ್ಧಕ್ಕೆ ಹಸಿರು, ಮೇಲಿನರ್ಧಕ್ಕೆ ಕೆನೆಬಣ್ಣ, ಇಡೀ ಜೈಲಿಗೆ ಈ ಎರಡೇ. ಉಳಿದ ಬಣ್ಣದಲ್ಲಿ ಅವನು ತನ್ನ ಕೋಣೆಯ ಗೋಡೆಯ ಮೇಲೆ ಕುದುರೆ ಬರೆದ. ಕಲ್ಲಿದ್ದಲು ಮಾರುವವನ ಕುದುರೆ ಅದು, ಕಪ್ಪುಬಿಳಿ ಮಚ್ಚೆಯದು. ಬಂದರಿನ ಹಿಂದಿನ ಪಾಳು ಬಯಲಲ್ಲಿ ಕಟ್ಟಿರುತ್ತಿದ್ದರು. ಮ್ಯಾಲಕಿ ಅದರ ಮೇಲೆ ಜೀನಿಲ್ಲದೆ ಕೂತು ತಿರುಗುತ್ತಿದ್ದ, ಡಿಂಪ್ನಾ ಬ್ರೆಡ್ಡಿನ ಅಂಚು ತಿನ್ನಿಸುತ್ತಿದ್ದಳು. ಕಪ್ಪು ಬಣ್ಣ ಇರಲಿಲ್ಲವಾದ್ದರಿಂದ ಗೋಡೆಯ ಮೇಲಿನ ಕುದುರೆ ಹಸಿರಾಯಿತು, ಮಚ್ಚೆಗಳು ಕೆನೆಯಾದವು.

ಆಗಸ್ಟಿನಲ್ಲಿ, ದಡದ ಕೆಲಸ ಮುಗಿಸಿ ಸಾಲಾಗಿ ಹಿಂದಿರುಗುವಾಗ, ಮ್ಯಾಲಕಿ ಸಾಲು ಬಿಟ್ಟು ನೀರಿಗಿಳಿದ. ಊರಿನ ಕಟ್ಟೆಗೆ ಮುಕ್ಕಾಲು ಮೈಲಿ. ನಡುವೆ ಹಡಗಿನ ಕಾಲುವೆಯ ಸೆಳೆತವಿದೆ, ಅದು ಊರಿನ ಮಕ್ಕಳಿಗೆಲ್ಲ ಗೊತ್ತು. ಒಂದು ವಾರದ ಮೇಲೆ ಎದುರು ದಂಡೆಯಲ್ಲಿ ಚಿಪ್ಪು ಆರಿಸುವವರಿಗೆ ಹೆಣ ಸಿಕ್ಕಿತು. ತಪ್ಪಿಸಿಕೊಳ್ಳಲು ಹೋಗಿ ಸತ್ತ ಎಂದು ಪತ್ರಿಕೆಗಳು ಬರೆದವು. ಹೆಣದ ಪೆಟ್ಟಿಗೆಯ ಪಕ್ಕ ಕೂತಿದ್ದ ತಾಯಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು, ಅವನು ಮನೆಗೆ ಬರ್ತಿದ್ದ ಎಂದು. ಬಂದವರು ಕಡಿಮೆ.

ಜೈಲು ಮುಚ್ಚಿತು. ಹತ್ತು ವರ್ಷ ಹುಲ್ಲು ಬೆಳೆಯಿತು. ಆಮೇಲೆ ದ್ವೀಪವನ್ನು ಪರಂಪರೆಯ ತಾಣವೆಂದು ಸಾರಿ, ಒಂದು ಸಮಿತಿ ಮಾಡಿ, ದೋಣಿ ಬಿಟ್ಟರು. ಊರಿನವರಿಗೆ ಬಿಟ್ಟಿ ಪ್ರವೇಶವಿದ್ದ ಮೊದಲ ಭಾನುವಾರ ಡಿಂಪ್ನಾ ಗಂಡನ ಜೊತೆ ಹೋದಳು. ಮೂರನೇ ಕೋಣೆಯ ಬಾಗಿಲಲ್ಲಿ ನಿಂತವಳು ಕುದುರೆಯ ಬಲಗಿವಿ ನೋಡಿದಳು. ತುದಿ ಹರಿದಿತ್ತು, ಕಲ್ಲಿದ್ದಲಿನವನ ಕುದುರೆಗೂ ಅದೇ ಕಿವಿ ಹಾಗೆ ಹರಿದಿತ್ತು. ಅಣ್ಣ ಕುದುರೆ ಬರೆದಿದ್ದನೆಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನದೆಂದು ಹೇಳಲು ಮನೆಯಲ್ಲಿ ಒಂದು ಅಂಗಿಯೂ ಉಳಿದಿರಲಿಲ್ಲ. ಅವಳು ಅಲ್ಲಿಯ ಕೆಲಸದವರಿಗೆ ಅವನ ಹೆಸರು ಹೇಳಿದಳು, ಅವರು ಬರೆದುಕೊಂಡರು. ಅಂದಿನಿಂದ ಪ್ರತಿ ಆಗಸ್ಟಿನಲ್ಲೂ ಹೋಗಿ ಅರ್ಧ ಗಂಟೆ ಗೋಡೆಯೆದುರು ನಿಂತು ಬರುತ್ತಿದ್ದಳು.

ಹಾಗೆ ಹೆಸರು ಹೇಳಿದ್ದರಿಂದಲೇ ಬ್ರೋನಾ ಷೀಹನ್ ಅವಳ ಮನೆಗೆ ಬರಬೇಕಾಯಿತು. ಬರೆದವರು ಯಾರೆಂದು ತಿಳಿದಿದ್ದು, ಹತ್ತಿರದ ಸಂಬಂಧಿ ಬದುಕಿದ್ದರೆ, ಅವರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಕೆರೆಯುವಂತಿಲ್ಲ ಎಂಬುದು ಸಮಿತಿಯ ನಿಯಮ. ತಾಯಿ ತೀರಿಕೊಂಡಿದ್ದಳು. ಬೇರೆ ಯಾರೂ ಇರಲಿಲ್ಲ.

ಬ್ರೋನಾ ಸುತ್ತಿಬಳಸಲಿಲ್ಲ. ಅಡುಗೆಮನೆಯ ಮೇಜಿನೆದುರು ಕೂತು ಪದರಗಳ ವಿಷಯ ಹೇಳಿದಳು. ಯಂತ್ರ ಇಟ್ಟು ಕೆಳಗೇನಿದೆಯೆಂದು ನೋಡಲು ಪ್ರಯತ್ನಿಸಿದ್ದಳು, ಬಣ್ಣದ ದಪ್ಪಕ್ಕೆ ಏನೂ ಕಂಡಿರಲಿಲ್ಲ.

"ಎರಡನ್ನೂ ಉಳಿಸೋಕಾಗಲ್ವಾ?" ಡಿಂಪ್ನಾ ಕೇಳಿದಳು.

"ಆಗಲ್ಲ. ಬಾಲದ ಹತ್ರ ಅಂಗೈಯಷ್ಟು ಜಾಗದಲ್ಲಿ ಬಟ್ಟೆ ಅಂಟಿಸಿ ಎತ್ತಿ ನೋಡಿದೆ. ಹಾಳೆಯಾಗಿ ಬರುತ್ತೇನೋ ಅಂದ್ಕೊಂಡೆ. ಪುಡಿಯಾಗಿ ಬಂತು."

"ಹಂಗಾದ್ರೆ ಬಾಲ ಈಗಿಲ್ಲ."

"ತುದಿ ಇಲ್ಲ."

"ಹೊಟ್ಟೆ ಕೊರೆಯೋಕೆ ಕೇಳ್ಲಿಲ್ಲ, ಬಾಲ ಕೀಳೋಕೆ ಕೇಳ್ಲಿಲ್ಲ. ಈಗ ಪೂರ್ತಿ ತೆಗೆಯೋಕೆ ಕೇಳೋಕ್ಬಂದಿದೀರ."

ಪರೀಕ್ಷೆಯ ಕಿಂಡಿಗೆ ಒಪ್ಪಿಗೆ ಬೇಕಿಲ್ಲವೆಂದು ನಿಯಮವಿದೆ, ಆದರೂ ಹೇಳದೆ ಮಾಡಿದ್ದು ತಪ್ಪು ಎಂದು ಬ್ರೋನಾ ಒಪ್ಪಿಕೊಂಡಳು. ಡಿಂಪ್ನಾ ಅವಳ ಮುಖ ನೋಡಿ, ಅದು ನಿಜಕ್ಕೂ ಹಾರ್ಪೇನಾ ಎಂದು ಕೇಳಿದಳು.

"ನನ್ನ ಕಣ್ಣಿಗೂ ಹಾಗೇ ಕಂಡಿತು. ಆದ್ರೆ ಐದು ಗೆರೆ ನೋಡಿ ಆಣೆ ಇಡಲಾರೆ."

ಡಿಂಪ್ನಾ ಆಗುವುದಿಲ್ಲ ಎಂದಳು. ಬ್ರೋನಾ ಚಹಾ ಮುಗಿಸಿ, ಕಪ್ಪು ತೊಳೆದಿಟ್ಟು ಹೋದಳು.

ರಾತ್ರಿ ಊಟಕ್ಕೆ ಕೂತಾಗ ಡಿಂಪ್ನಾಳ ಗಂಡ ಡೊನಾಲ್ ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ಬದುಕಿದ್ದಾಗ ಕಾರು ಕದ್ದ, ಸತ್ತ ಮೇಲೆ ಹಾರ್ಪ್ ಕದ್ದ ಅಂತಾರೆ ನೋಡ್ತಾ ಇರು." ಅವನು ಬ್ರೆಡ್ಡಿನ ವ್ಯಾನು ಓಡಿಸುವವನು, ಬೆಳಗಾದರೆ ಇಪ್ಪತ್ತು ಅಂಗಡಿ ಹತ್ತಿಳಿಯುವವನು, ಅದು ಅವನ ಸ್ವಂತ ಮಾತಾಗಿರಲಿಲ್ಲ, ಯಾವುದೋ ಅಂಗಡಿಯಲ್ಲಿ ಕೇಳಿ ಬಂದದ್ದು. ಡಿಂಪ್ನಾಗೆ ಅದು ಗೊತ್ತಾಯಿತು. ಅವನಿಗೂ ಅವಳಿಗೆ ಗೊತ್ತಾಗಿದ್ದು ಗೊತ್ತಾಯಿತು. ಇನ್ನೊಂದು ಆಲೂಗಡ್ಡೆ ಬೇಕಾ ಎಂದು ಕೇಳಿದ.

ಯಾರೂ ಜಗಳಕ್ಕೆ ಬರಲಿಲ್ಲ. ಜಗಳಕ್ಕೆ ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಚರ್ಚಿನ ಬಾಗಿಲಲ್ಲಿ ಹೆಂಗಸರು ಅವಳ ತೋಳು ಮುಟ್ಟಿ, ಯೋಚನೆ ಮಾಡಿದ್ಯಾ ಎಂದು ಕೇಳುವರು. ಮಾಂಸದಂಗಡಿಯವನು ಒಂದು ತುಂಡು ಹೆಚ್ಚಿಗೆ ಹಾಕಿ, ಶತಮಾನೋತ್ಸವಕ್ಕೆ ಇನ್ನೆರಡೇ ವರ್ಷ ಅಲ್ವಾ ಎನ್ನುವನು. ಪಾದ್ರಿ ಉಪದೇಶದಲ್ಲಿ ತ್ಯಾಗದ ಮಾತೆತ್ತಿದ, ಯಾರ ಹೆಸರೂ ಹೇಳಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಇಡೀ ಊರಿಗೆ ಆ ಹಸಿರು ಬಣ್ಣದ ಹಿಂದೆ ತಮ್ಮದೊಂದು ವಸ್ತು ಸಿಕ್ಕಿಹಾಕಿಕೊಂಡಿತ್ತು, ಬೀಗದ ಕೈ ಅವಳ ಹತ್ತಿರವಿತ್ತು.

ಸೀದಾ ಹೇಳಿದವಳು ಒಬ್ಬಳೇ. ಬ್ಯಾಟ್ ಡೋಯ್ಲ್‌ನ ಮಗಳು, ಔಷಧದಂಗಡಿಯ ಸಾಲಿನಲ್ಲಿ, ದನಿ ಏರಿಸದೆ:

"ನಮ್ಮಪ್ಪನ ಕಾಲು ಮುರಿದಾಗ ನಾವು ನಿಮ್ಮ ಬಾಗಿಲಿಗೆ ಬರ್ಲಿಲ್ಲ ಡಿಂಪ್ನಾ. ಒಂದು ಮಾತೂ ಆಡ್ಲಿಲ್ಲ. ಈಗ ಕೇಳ್ತೀನಿ. ನಿಮ್ಮನೆಯವರಿಂದ ಈ ಊರಿಗೆ ಒಂದಾದ್ರೂ ಒಳ್ಳೇದು ಆಗ್ಬಾರ್ದಾ?"

ಡಿಂಪ್ನಾ ಔಷಧ ತೆಗೆದುಕೊಳ್ಳದೆ ಮನೆಗೆ ಬಂದಳು.

ಜೂನಿನ ಎರಡನೇ ವಾರ ಫ್ಲಾರಿ ಹ್ಯಾಲಿಸಿ ಮೇಷ್ಟ್ರು ಬಂದರು. ಎಂಬತ್ತೊಂದು ವರ್ಷದ ನಿವೃತ್ತ ಶಾಲಾಮಾಸ್ತರರು, ಸಮಿತಿಯ ಅಧ್ಯಕ್ಷರು, ಟೈಗ್ ಹ್ಯಾಲಿಸಿಯ ತಮ್ಮನ ಮಗ. ಒಣದ್ರಾಕ್ಷಿಯ ಬ್ರೆಡ್ಡು ಕೈಯಲ್ಲಿತ್ತು, ಟೊಪ್ಪಿಗೆ ಕಂಕುಳಲ್ಲಿತ್ತು. ಬೀದಿಯ ಪರದೆಗಳೆಲ್ಲ ಒಂದು ಬೆರಳು ಸರಿದವು.

ಮೇಷ್ಟ್ರು ಮೊದಲಿಗೆ ಹಾರ್ಪಿನ ಮಾತೇ ಎತ್ತಲಿಲ್ಲ. ಆಸ್ಪತ್ರೆಯ ಕೆಲಸ ಹೇಗಿದೆ, ಬೆನ್ನುನೋವು ಹೇಗಿದೆ ಎಂದೆಲ್ಲ ವಿಚಾರಿಸಿದರು. ಆಮೇಲೆ ತಮ್ಮ ತಂದೆಯ ವಿಷಯ ಹೇಳಿದರು. ಅಣ್ಣ ಸತ್ತಾಗ ತಂದೆಗೆ ಹನ್ನೊಂದು ವರ್ಷ. ಗೋಡೆಯ ಮೇಲಿನ ಆ ಚಿತ್ರ ಒಂದು ಸಲ ನೋಡಬೇಕೆಂದು ಜೀವಮಾನವಿಡೀ ಕಾದರು. ಮೊದಲು ಇಂಗ್ಲಿಷರ ಸೇನೆ ಬಿಡಲಿಲ್ಲ, ಆಮೇಲೆ ನಮ್ಮದೇ ಸೇನೆ ಬಿಡಲಿಲ್ಲ, ಆಮೇಲೆ ಜೈಲಿನವರು ಬಿಡಲಿಲ್ಲ. ನೋಡದೆ ಸತ್ತರು.

"ನಾನೂ ನೋಡದೇ ಹೋಗ್ತೀನೇನೋ. ಅದಕ್ಕಾಗಿ ಕೊಡು ಅಂತ ಕೇಳಲ್ಲ. ನಿನ್ನ ಹತ್ರ ಇರೋದು ಅದೊಂದೇ, ನನಗೆ ಗೊತ್ತು."

ಡಿಂಪ್ನಾ ಅವರು ತಂದ ಬ್ರೆಡ್ಡನ್ನು ಕತ್ತರಿಸಿ ತಟ್ಟೆಗಿಟ್ಟಳು.

"ಕೊಟ್ರೆ ಏನು ಮಾಡ್ತೀನಿ ಅನ್ನೋದನ್ನ ಮಾತ್ರ ಹೇಳೋಕೆ ಬಂದೆ. ಕೋಣೆಯ ಬಾಗಿಲಲ್ಲಿ ಒಂದು ಫಲಕ ಬರುತ್ತೆ. ಅದರ ಮೇಲೆ ಎರಡು ಹೆಸರು. ಟೈಗ್ ಹ್ಯಾಲಿಸಿ, ಮ್ಯಾಲಕಿ ಕ್ರೋನಿನ್. ಒಂದೇ ಅಳತೆಯ ಅಕ್ಷರ. ಇಬ್ಬರೂ ಇದೇ ಊರಿನ ಹುಡುಗರು, ಇಬ್ಬರೂ ಅದೇ ಕೋಣೆಯಲ್ಲಿದ್ರು, ಇಬ್ಬರೂ ಹಿಂದಿರುಗಲಿಲ್ಲ."

"ಕಾರು ಕದ್ದವನು ಅಂತಾನೂ ಹಾಕ್ತೀರಾ?"

"'ಮನೆಗೆ ಈಜಿ ಬರುವಾಗ ತೀರಿಕೊಂಡ' ಅಂತ ಹಾಕ್ತೀವಿ. ನಿಮ್ಮಮ್ಮ ಹೇಳಿದ್ದು ಅದೇ ಅಲ್ವಾ? ನಾನು ಬಂದಿದ್ದೆ ಆವತ್ತು. ಬಾಗಿಲ ಹತ್ರ ನಿಂತಿದ್ದೆ. ನೀನು ಸಣ್ಣವಳು, ನಿನಗೆ ನೆನಪಿರಲ್ಲ."

ಅವಳಿಗೆ ನೆನಪಿತ್ತು. ಬಂದಿದ್ದ ಕೆಲವೇ ಜನರಲ್ಲಿ ಒಬ್ಬೊಬ್ಬರನ್ನೂ ಅವಳು ನೆನಪಿಟ್ಟುಕೊಂಡಿದ್ದಳು. ಮೂವತ್ತನಾಲ್ಕು ವರ್ಷಗಳಲ್ಲಿ ಆ ಮಾತನ್ನು ಅಮ್ಮನಲ್ಲದೆ ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಪೂರ್ತಿ ಹೆಸರು ಹಾಕಬೇಕು, ಬರೀ ಮೊದಲಕ್ಷರವಲ್ಲ ಎಂದು ಅವಳು ಕೇಳಿದಳು. ಪೂರ್ತಿ ಎಂದರು ಮೇಷ್ಟ್ರು. ಅವಳು ಸರಿ ಎಂದಳು. ಮೇಷ್ಟ್ರು ಎದ್ದು ಎರಡೂ ಕೈಯಲ್ಲಿ ಅವಳ ಕೈ ಹಿಡಿದರು. ಆ ಭಾನುವಾರ ಚರ್ಚಿನ ಬಾಗಿಲಲ್ಲಿ ಬ್ಯಾಟ್ ಡೋಯ್ಲ್‌ನ ಮಗಳು ಅವಳಿಗೆ ತಲೆಬಾಗಿಸಿದಳು.

ಕೆಲಸ ಸೆಪ್ಟೆಂಬರ್ ಒಂಬತ್ತರ ಸೋಮವಾರ ಆರಂಭವಾಯಿತು. ಡಿಂಪ್ನಾ ರಜೆ ಹಾಕಿ ಹೋದಳು. ದೋಣಿ ನಡೆಸುವ ಮಾಸ್ಸಿ ಅವಳ ಹತ್ತಿರ ಟಿಕೆಟ್ಟು ತೆಗೆದುಕೊಳ್ಳಲಿಲ್ಲ. "ಹತ್ತಮ್ಮಾ ಹತ್ತು. ಕುದುರೆಯ ಯಜಮಾನಿಯಿಂದ ಕಾಸು ಇಸ್ಕೊಂಡ್ರೆ ನನ್ನ ದೋಣಿ ಮುಳುಗುತ್ತೆ" ಎಂದ.

ಗೊತ್ತಿರುವ ಗೆರೆಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಬ್ರೋನಾಳ ಕಸುಬಿನ ಕ್ರಮ. ಅಂಚಿನಿಂದ ಶುರುಮಾಡಿ, ಗೋಡೆಯ ಗುಣ ಕೈಗೆ ಹತ್ತಿದ ಮೇಲೆ ನಡುವಿನ ಮುಖ್ಯ ಜಾಗಕ್ಕೆ ಬರಬೇಕು. ಹಾಗಾಗಿ ಮೊದಲು ಹೋದದ್ದು ಕಿವಿಗಳು. ಬ್ರೋನಾ ಬೆಚ್ಚನೆಯ ಮದ್ದು ಹಚ್ಚಿ, ಕಾದು, ಉಗುರಿನಷ್ಟು ಅಗಲದ ಚಾಕುವಿನಿಂದ ಬಣ್ಣವನ್ನು ಎಬ್ಬಿಸುತ್ತಿದ್ದಳು. ಅದು ಸಿಪ್ಪೆಸಿಪ್ಪೆಯಾಗಿ ಕೆಳಗೆ ಹಾಸಿದ ಕಾಗದದ ಮೇಲೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕುದುರೆಗೆ ತಲೆ ಇರಲಿಲ್ಲ. ತಲೆಯಿದ್ದಲ್ಲಿ ಸುಣ್ಣ ಮಾತ್ರ ಇತ್ತು, ಗೆರೆಗಳೇನೂ ಇರಲಿಲ್ಲ. ಡಿಂಪ್ನಾ ಮೂರರ ದೋಣಿಗೆ ವಾಪಸಾದಳು. ಮಂಗಳವಾರ, ಬುಧವಾರ, ಗುರುವಾರ ಕೆಲಸಕ್ಕೆ ಹೋದಳು.

ಶುಕ್ರವಾರ ಎಲ್ಲರೂ ಬರಬೇಕೆಂದು ಮೇಷ್ಟ್ರು ಹೇಳಿ ಕಳುಹಿಸಿದ್ದರು. ಕೋಣೆಯಲ್ಲಿ ನಾಲ್ಕೈದು ಜನಕ್ಕಷ್ಟೇ ಜಾಗ. ಸಮಿತಿಯ ಉಳಿದವರು ಹೊರಗಿನ ಓಣಿಯಲ್ಲಿ ನಿಂತರು. ಮೇಷ್ಟ್ರಿಗೆ ಒಂದು ಸ್ಟೂಲು ಹಾಕಿದ್ದರು. ಗೋಡೆಯ ಮೇಲೆ ಕಾಲಿಲ್ಲದ, ಕುತ್ತಿಗೆಯಿಲ್ಲದ, ದೊಡ್ಡ ತಟ್ಟೆಯಷ್ಟಗಲದ ಹಸಿರು ಮಚ್ಚೆ ಉಳಿದಿತ್ತು. ಬಾಗಿಲಲ್ಲಿ ಮಾಸ್ಸಿ ಟೊಪ್ಪಿಗೆ ತೆಗೆದು ನಿಂತಿದ್ದ.

ಬ್ರೋನಾ ಬಾಗಿದ ಗೆರೆಯನ್ನು ಹಿಡಿದು ಬಲಕ್ಕೆ ಹೋದಳು. ಹಾರ್ಪಿನ ಕೊರಳು ಒಂದು ಕಡೆ ಒಳಕ್ಕೆ ಬಾಗಬೇಕು. ಈ ಗೆರೆ ಒಳಕ್ಕೆ ಬಾಗಲಿಲ್ಲ, ಹೊರಕ್ಕೆ ಉಬ್ಬಿ ಕೆಳಗಿಳಿಯುತ್ತ ಹೋಯಿತು. ನೇರ ಗೆರೆಗಳು ಕೆಳಗಿಳಿದಂತೆ ಒಂದಕ್ಕೊಂದು ಹತ್ತಿರವಾದವು. ಬ್ರೋನಾ ಕೈ ನಿಲ್ಲಿಸಿ, ಕನ್ನಡಕ ಒರೆಸಿ, ಮತ್ತೆ ಮೇಲಕ್ಕೆ ಬಂದಳು. ಗೆರೆಯ ಹೊರ ಅಂಚಿನಲ್ಲಿ ಸಣ್ಣದೊಂದು ಅಂಕಿ ಕಂಡಿತು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು. ಬಾಗಿಲಲ್ಲಿದ್ದ ಮಾಸ್ಸಿ ಮೆಲ್ಲಗೆ, ತನಗೇ ಎಂಬಂತೆ ಓದಿದ:

"ಇಪ್ಪತ್ತು, ಒಂದು, ಹದಿನೆಂಟು."

ಪಬ್ಬಿಗೆ ಕಾಲಿಟ್ಟ ಯಾರಿಗಾದರೂ ಅದರ ಮುಂದಿನ ಅಂಕಿ ನಾಲ್ಕೆಂದು ಗೊತ್ತು. ಗೋಡೆಗೆ ತೂಗುಹಾಕಿ, ಎಂಟಡಿ ದೂರ ನಿಂತು, ಸಣ್ಣ ಬಾಣ ಎಸೆದು ಆಡುವ ಚಕ್ರದ ಅಂಕಿಗಳು ಅವು, ಅದೇ ಅನುಕ್ರಮದಲ್ಲಿ. ಬ್ರೋನಾಳ ಕೈ ಗಾಳಿಯಲ್ಲೇ ನಿಂತಿತು. ಅವಳು ಮೇಷ್ಟ್ರ ಕಡೆ ತಿರುಗಿದಳು.

"ಮುಂದುವರಿಸಮ್ಮ," ಎಂದರು ಮೇಷ್ಟ್ರು. "ಅರ್ಧಕ್ಕೆ ಬಿಡಬಾರದು."

ಒಂದೂವರೆ ಗಂಟೆಯಲ್ಲಿ ಪೂರ್ತಿ ಚಕ್ರ ಹೊರಬಂತು. ನಡುವೆ ಮೊಳೆ ಹೊಡೆದು ದಾರ ಕಟ್ಟಿ ಎಳೆದ ಅಚ್ಚುಕಟ್ಟಾದ ವೃತ್ತ, ಇಪ್ಪತ್ತು ಭಾಗ, ಡಿಸ್ಟೆಂಪರಿನಿಂದ ತುಂಬಿಹೋದ ನೂರಾರು ಚುಚ್ಚು ತೂತುಗಳು. ಪಕ್ಕದಲ್ಲಿ ಆಟದ ಲೆಕ್ಕ, ಆಡಿದವರ ಮೂರು ಹೆಸರು, ಮೇಲೆ 1934 ಎಂಬ ಇಸವಿ ಮತ್ತು ಇಂಗ್ಲಿಷ್ ತೋಪಿನ ಪಡೆಯ ಲಾಂಛನ.

ಇಂಗ್ಲಿಷರು ಇಡೀ ದೇಶ ಬಿಟ್ಟುಹೋದ ಮೇಲೂ ಬಂದರಿನ ಕೋಟೆಗಳನ್ನು ಬಿಟ್ಟಿರಲಿಲ್ಲ. ಕ್ಯಾರಿಗ್‌ರೋದಲ್ಲಿ ಅವರ ಪಡೆ 1938ರವರೆಗೂ ಇತ್ತು. ಇದು ಊರಿನಲ್ಲಿ ಗೊತ್ತಿಲ್ಲದ ಸಂಗತಿಯೇನಲ್ಲ. ಶಾಲೆಯಲ್ಲಿ ಮೇಷ್ಟ್ರೇ ಕಲಿಸಿದ್ದರು. ಆದರೆ ಊರು ತನ್ನ ಕಥೆ ಹೇಳುವಾಗ ಟೈಗ್ ಹ್ಯಾಲಿಸಿ ಸತ್ತಲ್ಲಿಂದ ನೇರ ಇಂಗ್ಲಿಷರ ಬಾವುಟ ಇಳಿದ ದಿನಕ್ಕೆ ಹಾರುತ್ತದೆ. ನಡುವಿನ ಹದಿನೇಳು ವರ್ಷ ಆ ಕೋಣೆಗಳಲ್ಲಿ ಯಾರೋ ಮಲಗಿದ್ದರು, ಬೇಸರ ಕಳೆಯಲು ಆಟವಾಡಿದ್ದರು ಎಂಬುದು ಒಬ್ಬರ ತಲೆಗೂ ಬಂದಿರಲಿಲ್ಲ. ಬಾಗಿದ ಗೆರೆ, ಕೆಳಗೆ ನೇರ ಗೆರೆಗಳು. ಆ ದೇಶದಲ್ಲಿ ಹುಟ್ಟಿದವರಿಗೆ ಅದು ಇನ್ನೇನಾಗಿ ಕಾಣಲು ಸಾಧ್ಯವಿತ್ತು?

ಇದರಡಿ ಇನ್ನೂ ಹಳೆಯದು ಇರಬಹುದಲ್ಲ ಎಂದು ಓಣಿಯಿಂದ ಯಾರೋ ಕೇಳಿದರು. ಬ್ರೋನಾ ಗೋಡೆಯ ಬುಡದಲ್ಲಿ, ಆ ಬೆಳಿಗ್ಗೆ ಬಣ್ಣ ಕೆರೆಯುವಾಗ ಗಾರೆ ಒಡೆದಿದ್ದ ಕಡೆ ತೋರಿಸಿದಳು. ಸುಣ್ಣದ ಹಿಂದೆ ಸಿಮೆಂಟಿನ ಗಾರೆ, ಅದರ ಹಿಂದೆ ಬರೀ ಕಲ್ಲು. 1921ರ ಗಾರೆಯನ್ನು ಸೈನಿಕರು ಕಲ್ಲಿನವರೆಗೂ ಕಿತ್ತು ಹೊಸದು ಬಳಿದಿದ್ದರು. ಹಾರ್ಪ್ ಇದ್ದದ್ದೇ ಆದರೆ ಅದು ಎಂದೋ ಬುಟ್ಟಿಗಳಲ್ಲಿ ಸಮುದ್ರಕ್ಕೆ ಹೋಗಿತ್ತು.

ಜನ ಒಬ್ಬೊಬ್ಬರಾಗಿ ದೋಣಿಯ ಕಡೆ ಇಳಿದರು. ಕೋಣೆಯಲ್ಲಿ ಮೇಷ್ಟ್ರು, ಡಿಂಪ್ನಾ, ಕಾಗದ ಮಡಿಸುತ್ತಿದ್ದ ಬ್ರೋನಾ ಉಳಿದರು. ಕಾಗದದೊಳಗೆ ಹಸಿರು ಸಿಪ್ಪೆಗಳು ಒಣ ಎಲೆಗಳಂತೆ ಸದ್ದು ಮಾಡಿದವು.

"ನಿನ್ನ ಹತ್ರ ಕೇಳಬಾರದಿತ್ತು ನಾನು," ಎಂದರು ಮೇಷ್ಟ್ರು.

"ನೀವು ಕೇಳ್ಲಿಲ್ಲ. ನಾನೇ ಕೊಟ್ಟೆ." ಆಮೇಲೆ ಅವಳು ಕೇಳಿದಳು, "ಹೆಸರು ಹಾಕಿಸ್ತೀರಲ್ವಾ ಮೇಷ್ಟ್ರೇ?"

"ಹಾಕಿಸ್ತೀನಿ."

ಮೇಷ್ಟ್ರು ಪ್ರಯತ್ನ ಮಾಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅಕ್ಟೋಬರಿನ ಸಭೆಯಲ್ಲಿ ಎದ್ದು ನಿಂತು ಇಪ್ಪತ್ತು ನಿಮಿಷ ಮಾತಾಡಿದರು. ಡಬ್ಲಿನ್‌ನಿಂದ ಬಂದಿದ್ದ ಸಲಹೆಗಾರ ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ಉತ್ತರ ಕೊಟ್ಟ. ಸೈನಿಕರ ಚಕ್ರ ಅಪರೂಪದ್ದು, ಅದನ್ನು ಗಾಜಿನ ಹಿಂದೆ ಉಳಿಸಿಕೊಳ್ಳಲೇಬೇಕು. ಕೋಣೆಯ ಫಲಕ ಕೋಣೆಯಲ್ಲಿ ಕಾಣುವುದನ್ನು ವಿವರಿಸಬೇಕು. ಅಲ್ಲಿ ಈಗ ಹಾರ್ಪ್ ಇಲ್ಲ, ಹಾಗಾಗಿ ಹ್ಯಾಲಿಸಿಯ ಹೆಸರಿಗೆ ಆಧಾರವಿಲ್ಲ. ಕುದುರೆಯೂ ಇಲ್ಲ. ಮೇಲಾಗಿ ನೂರು ವರ್ಷದೊಳಗಿನ ಕೈದಿಗಳ ಹೆಸರನ್ನು ಎಲ್ಲೂ ಪ್ರದರ್ಶಿಸಬಾರದೆಂಬ ನಿಯಮವಿದೆ. ಕೈದಿಗಳ ಮನೆಯವರ ಮಾನ ಕಾಯಲಿಕ್ಕೆಂದೇ ಮಾಡಿದ್ದು. ಕೈದಿಯ ಮನೆಯವಳೇ ಹಾಕಿ ಎನ್ನುತ್ತಿದ್ದಾಳೆ ಎಂದರು ಮೇಷ್ಟ್ರು. ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕು ಎಂದ ಸಲಹೆಗಾರ. ಮತ ಹಾಕಿದಾಗ ಮೇಷ್ಟ್ರ ಕಡೆ ಇನ್ನೊಬ್ಬರು ಮಾತ್ರ ಇದ್ದರು. ಹಾರ್ಪಿನ ವಿಷಯದಲ್ಲಿ ಆದ ಅವಮಾನದ ಮೇಲೆ ಊರಿಗೆ ಆ ಕೋಣೆಯ ಮಾತೇ ಬೇಡವಾಗಿತ್ತು. ಮೇಷ್ಟ್ರು ಅಧ್ಯಕ್ಷಗಿರಿ ಬಿಟ್ಟರು.

ಸುದ್ದಿ ಹೇಳಲು ಅವರೇ ಡಿಂಪ್ನಾಳ ಮನೆಗೆ ಹೋದರು. ಈ ಸಲ ಬೀದಿಯಲ್ಲಿ ಯಾವ ಪರದೆಯೂ ಸರಿಯಲಿಲ್ಲ. ಅವಳು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. ಒಳಗೆ ಬನ್ನಿ ಎಂದು ಕರೆಯಲು ಬಾಯಿ ತೆರೆದಳು, ಕರೆಯಲಿಲ್ಲ. ಮೇಷ್ಟ್ರು ಟೊಪ್ಪಿಗೆ ಹಾಕಿಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಇಳಿದುಹೋದರು.

ಕೆಲಸಕ್ಕೆ ಮುಂಚೆ ತೆಗೆದಿದ್ದ ಕುದುರೆಯ ಫೋಟೋವನ್ನು ಬ್ರೋನಾ ದೊಡ್ಡದು ಮಾಡಿಸಿ ತಂದುಕೊಟ್ಟಳು. ಡೊನಾಲ್ ಅದಕ್ಕೆ ಕಟ್ಟು ಹಾಕಿಸಿ ಮಹಡಿಯಲ್ಲಿ ತೂಗುಹಾಕೋಣವೆಂದ. ಈಗ ಬೇಡ ಎಂದಳು ಡಿಂಪ್ನಾ. ಎಲ್ಲಿಟ್ಟಳೆಂದು ಅವನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ನೋರೀನ್ ಹೊದಿಕೆಯ ತನ್ನ ತುದಿ ಹಿಡಿದು ಹತ್ತಿರ ಬಂದಾಗಲೆಲ್ಲ ಹವೆಯ ಮಾತಾಡುತ್ತಿದ್ದಳು.

ಕೋಣೆಯ ಗೋಡೆಗೆ ಗಾಜು ಬಂತು, ಒಳಗೊಂದು ದೀಪ ಬಂತು. ಫಲಕವನ್ನು 2020ರ ಫೆಬ್ರವರಿ ಹದಿನೇಳರ ಸೋಮವಾರ ಬಾಗಿಲ ಪಕ್ಕ ತಿರುಪು ಹಾಕಿ ಕೂರಿಸಿದರು. ಅದರ ಮೇಲೆ ಮೂರು ಹೆಸರುಗಳಿವೆ: ಪ್ರ್ಯಾಟ್, ಹೋವೆಲ್ಸ್, ಟಿಲ್.